ತುಂಬು ತಿಂಗಳ ರಾತ್ರಿಯೂಟ: ರುಬ್ಬುವ ಕೆಲಸ ಹೀಗೆ ತಪ್ಪಿತು

ನಮ್ಮ ಕಡೆಯ ರಾತ್ರಿಯೂಟದಲ್ಲಿ ಹೊತ್ತು ತಿನ್ನುವುದು ಬೇಯಿಸುವ ಕೆಲಸವಲ್ಲ. ಕಾಯಿ ತುರಿದು, ಮಸಾಲೆ ಹುರಿದು, ರುಬ್ಬುವುದು. ತುಂಬು ಗರ್ಭಿಣಿಗೆ ಅಷ್ಟು ಹೊತ್ತು ನಿಲ್ಲುವುದೇ ಕಷ್ಟ. ವಾರಕ್ಕೊಮ್ಮೆ ರುಬ್ಬಿಟ್ಟುಕೊಂಡರೆ ಮುಗಿಯಿತು.

ಹುಳಿಯ ಮಸಾಲೆಗೆ: 2 ಕಪ್ ಕಾಯಿತುರಿಗೆ 3 ಚಮಚ ಕೊತ್ತಂಬರಿ, 1 ಚಮಚ ಜೀರಿಗೆ, ಕಾಲು ಚಮಚ ಮೆಂತೆ, 10 ಬ್ಯಾಡಗಿ ಮೆಣಸು. ಮಸಾಲೆ ಹುರಿದು, ಪೂರ್ತಿ ಆರಿದ ಮೇಲೆ ಕಾಯಿಯೊಂದಿಗೆ ಗಟ್ಟಿಯಾಗಿ ರುಬ್ಬಿ, ಐಸ್ ಟ್ರೇಗೆ ತುಂಬಿ ಫ್ರೀಜರಿನಲ್ಲಿಡಿ. ನೀರು ಹೆಚ್ಚಾದರೆ ಕರಗುವಾಗ ಕಾಯಿ ಒಂದೆಡೆ, ನೀರು ಒಂದೆಡೆ. ಹುಣಸೆ, ಉಪ್ಪು ಈಗ ಬೇಡ. ಬೇಳೆ, ತರಕಾರಿ ಕುಕ್ಕರಿನಲ್ಲಿ ಬೆಂದ ಮೇಲೆ ಹುಣಸೆರಸ, ಉಪ್ಪು, ಇಬ್ಬರಿಗೆ 4 ತುಂಡು ಮಸಾಲೆ ಹಾಕಿ ಚೆನ್ನಾಗಿ ಕುದಿಸಿದರೆ ಹುಳಿ ತಯಾರು.

ತೀರ್ಥಹಳ್ಳಿ, ಹೊಸನಗರದ ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ. ತುಂಡು ಮೆತ್ತಗಾಗಿದ್ದು ಇನ್ನೂ ತಣ್ಣಗಿದ್ದರೆ ಅಂದೇ ಬಳಸಿ, ಮತ್ತೆ ಗಟ್ಟಿ ಮಾಡಬೇಡಿ. ಬೆಚ್ಚಗಾಗಿದ್ದರೆ ಚೆಲ್ಲಿಬಿಡಿ.

ಜೊತೆಗೆ ಕಡುಬು: 1 ಕಪ್ ಅಕ್ಕಿ ತರಿ, 2 ಕಪ್ ನೀರು, ಉಪ್ಪು. ಕುದಿಯುವ ನೀರಿಗೆ ತರಿ ಹಾಕಿ, ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಮುಚ್ಚಿಡಿ. ಬಿಸಿಯಿರುವಾಗಲೇ ಉಂಡೆ ಕಟ್ಟಿ, 15 ನಿಮಿಷ ಹಬೆಯಲ್ಲಿ ಬೇಯಿಸಿ. ಹಿಟ್ಟು ಆರಿದರೆ ಉಂಡೆ ಬಿರುಕು ಬಿಡುತ್ತದೆ.

ಏನೂ ಸೇರದ ದಿನಕ್ಕೆ ದೊಡ್ಡಪತ್ರೆ ತಂಬುಳಿ: 10 ಎಲೆ, ಅರ್ಧ ಚಮಚ ಜೀರಿಗೆ, 4 ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಲು ಕಪ್ ಕಾಯಿತುರಿಯೊಂದಿಗೆ ರುಬ್ಬಿ, ಒಂದು ಲೋಟ ಮಜ್ಜಿಗೆ, ಉಪ್ಪು ಸೇರಿಸಿ. ರುಬ್ಬುವುದು ಹೌದು, ಆದರೆ ಮಿಕ್ಸಿಯಲ್ಲಿ ಎರಡು ಸುತ್ತು ಅಷ್ಟೇ. ಕಬ್ಬಿಣದ ಮಾತ್ರೆಯನ್ನು ಮಾತ್ರ ಮಜ್ಜಿಗೆ, ಕಾಫಿ ಜೊತೆ ನುಂಗಬೇಡಿ; ಮೈಗೆ ಹತ್ತುವುದು ಕಡಿಮೆಯಾಗುತ್ತದೆ.