ಒಂದೇ ಪ್ಯಾಚ್, ಎರಡು ಸಲ

ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಕೂತು ಡೆಬಿಯನ್ ಅನ್ನುವ ಲಿನಕ್ಸ್‌ನ ಒಂದು ಚಿಕ್ಕ ಪ್ರೋಗ್ರಾಂ ಬಿಲ್ಡ್ ಮಾಡುತ್ತಿದ್ದೆ, ಅಂದರೆ ಸೋರ್ಸ್ ಕೋಡ್‌ನಿಂದ ಕಟ್ಟುತ್ತಿದ್ದೆ. ಮಧ್ಯದಲ್ಲೇ ಎರರ್. ಹುಡುಕಿದರೆ ಯಾರೋ ಆಗಲೇ ಬಗ್ ಹಾಕಿದ್ದರು (ದೋಷ ವರದಿ ಮಾಡಿದ್ದರು), ಪರಿಹಾರ ಮಾತ್ರ ಇರಲಿಲ್ಲ. ಬಿಲ್ಡ್ ಹೇಗೆ ಮಾಡಬೇಕು ಅಂತ ಮೇಕ್ ಅನ್ನುವ ಟೂಲ್‌ಗೆ ಹೇಳುವ ಮೇಕ್‌ಫೈಲ್‌ನಲ್ಲಿ ಎರಡು ಸಾಲು ತಿದ್ದಿದೆ, ಸರಿಹೋಯಿತು. ಹತ್ತು ನಿಮಿಷದ ಕೆಲಸ. ಆ ತಿದ್ದುಪಡಿಯನ್ನು, ಅಂದರೆ ಪ್ಯಾಚ್ ಅನ್ನು, ಬಗ್‌ಗೆ ತಲುಪಿಸಲು ಎರಡು ಸಂಜೆ ಹಿಡಿಯಿತು.

ಡೆಬಿಯನ್‌ನಲ್ಲಿ ಬಗ್ ಹಾಕಲು ವೆಬ್ ಫಾರ್ಮ್ ಇಲ್ಲ, ಎಲ್ಲವೂ ಇಮೇಲ್. ಪ್ರತಿ ಬಗ್‌ಗೂ ಒಂದು ನಂಬರ್, ಆ ನಂಬರಿಗೇ ಒಂದು ವಿಳಾಸ. ಅಷ್ಟೇ ಅಲ್ವಾ ಅಂದುಕೊಂಡು, ಟರ್ಮಿನಲ್‌ನಲ್ಲಿ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಡಿಫ್ ಕೊಟ್ಟು, ಬಂದದ್ದನ್ನು ಮೌಸ್‌ನಲ್ಲಿ ಎಳೆದು ಕಾಪಿ ಮಾಡಿ, ಬ್ರೌಸರ್‌ನ ಮೇಲ್‌ಗೆ ಪೇಸ್ಟ್ ಮಾಡಿ ಕಳಿಸಿಬಿಟ್ಟೆ. ರಾತ್ರಿ ಮಂಡ್ಯದ ಗೆಳೆಯನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡಿದ್ದೂ ಆಯಿತು.

ಅರ್ಧ ಗಂಟೆಗೆ ಅವನೇ ತಿರುಗಿ ಮಾಡಿದ. "ಲೋ, ನಿನ್ ಪ್ಯಾಚ್ ಕೂರ್ತಾನೇ ಇಲ್ಲ ಕಣ್ಲಾ. ಹಂಕ್ ಫೇಲ್ಡ್ ಅಂತ ಬತ್ತದೆ."

ಹಂಕ್ ಅಂದರೆ ಪ್ಯಾಚ್‌ನ ಒಂದು ತುಂಡು. ಮೇಕ್‌ಫೈಲ್‌ನಲ್ಲಿ ಕಮಾಂಡ್ ಇರುವ ಸಾಲು ಟ್ಯಾಬ್‌ನಿಂದ ಶುರುವಾಗಬೇಕು. ನಾನು ಕಾಪಿ ಮಾಡಿದಾಗ ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿಹೋಗಿದ್ದವು. ಕಣ್ಣಿಗೆ ಎರಡೂ ಒಂದೇ, ಪ್ಯಾಚ್ ಪ್ರೋಗ್ರಾಂಗೆ ಅಲ್ಲ. ಗೆಳೆಯ ಸುಮ್ನೆ ಕೂರುವವನಲ್ಲ. ಖಾಲಿ ಜಾಗದ ವ್ಯತ್ಯಾಸ ಲೆಕ್ಕಿಸಬೇಡ ಅನ್ನುವ ಆಯ್ಕೆ ಕೊಟ್ಟು ನೋಡಿದ. ಪ್ಯಾಚ್ ಕೂತಿತು. ಆದರೆ ಹೊಸ ಸಾಲುಗಳು ಸ್ಪೇಸ್ ಸಮೇತ ಒಳಗೆ ಹೋದವು. ಮೇಕ್ "ಮಿಸ್ಸಿಂಗ್ ಸೆಪರೇಟರ್" ಅಂತ ನಿಂತುಬಿಟ್ಟಿತು.

ಮಾರನೇ ಸಂಜೆ ತಿದ್ದಿದ್ದನ್ನು ಗಿಟ್‌ನಲ್ಲಿ ಕಮಿಟ್ ಮಾಡಿ (ದಾಖಲಿಸಿ) 'ಗಿಟ್ ಫಾರ್ಮ್ಯಾಟ್-ಪ್ಯಾಚ್ -1' ಕೊಟ್ಟೆ. ಕೊನೆಯ ಕಮಿಟ್ ಒಂದು ಫೈಲ್ ಆಗಿ ಬಂತು, ಹೆಸರು, ತಾರೀಖು, ವಿವರ ಎಲ್ಲ ಅದರಲ್ಲೇ. ಕಳಿಸಲು ಟರ್ಮಿನಲ್‌ನಲ್ಲೇ ಓಡುವ ಮೇಲ್ ಪ್ರೋಗ್ರಾಂ ಮಟ್ ಹಿಡಿದೆ. ರಿಪೋರ್ಟ್‌ಬಗ್ ಅನ್ನುವ ಟೂಲ್ ಇದೆ, ಹೊಸ ಬಗ್ ಹಾಕಲು ಅದೇ ಸಲೀಸು. ಆದರೆ ಅದು ಕೇಳುವ ಪ್ರಶ್ನೆ ಜಾಸ್ತಿ.

ಮಟ್‌ನಲ್ಲಿ '-ಎಸ್' ಆದಮೇಲೆ ವಿಷಯ, '-ಎ' ಆದಮೇಲೆ ಫೈಲ್, ಆಮೇಲೆ ವಿಳಾಸ. ಹಾಗೇ ಕೊಟ್ಟರೆ ಬೈಗುಳ ಬಂತು. '-ಎ' ಆದಮೇಲೆ ಬಂದದ್ದನ್ನೆಲ್ಲ ಫೈಲ್ ಅಂತಲೇ ತಿಳಿಯುತ್ತದಂತೆ, ವಿಳಾಸದ ಹೆಸರಿನ ಫೈಲ್ ಹುಡುಕುತ್ತಿತ್ತು ಪಾಪ. ಎರಡರ ನಡುವೆ '--' ಹಾಕಬೇಕು. ಮೇಲ್‌ನ ಒಕ್ಕಣೆ ಬೇರೆ ಫೈಲ್‌ನಲ್ಲಿ ಬರೆದಿದ್ದೆ. ಅದರ ಮೊದಲ ಸಾಲು 'ಕಂಟ್ರೋಲ್: ಟ್ಯಾಗ್ಸ್ -1 + ಪ್ಯಾಚ್'. ಬಗ್‌ಗೆ ಪ್ಯಾಚ್ ಇದೆ ಅನ್ನುವ ಗುರುತು ಹಾಕಲು ಇದು. ಇಲ್ಲಿ -1 ಅಂದರೆ ಇದೇ ಬಗ್. ಗಿಟ್‌ನ -1ಗೂ ಇದಕ್ಕೂ ಸಂಬಂಧವಿಲ್ಲ, ನಾನು ಸ್ವಲ್ಪ ಹೊತ್ತು ಇದೆ ಅಂದುಕೊಂಡಿದ್ದೆ.

ಈ ಸಲ ಮೊದಲು ನನಗೇ ಕಳಿಸಿಕೊಂಡೆ. ಬಂದ ಫೈಲ್ ಇಳಿಸಿ, ಹೊಸದಾಗಿ ಕ್ಲೋನ್ ಮಾಡಿದ ಫೋಲ್ಡರ್‌ನಲ್ಲಿ ಪ್ಯಾಚ್ ಕೂರುತ್ತದಾ ಅಂತ ನೋಡಲು 'ಗಿಟ್ ಅಪ್ಲೈ --ಚೆಕ್' ಕೊಟ್ಟೆ. ಏನೂ ಹೇಳಲಿಲ್ಲ. ಅದು ಸುಮ್ಮನಿದ್ದರೆ ಒಪ್ಪಿದ ಹಾಗೆ. ಆಮೇಲೇ ಬಗ್‌ಗೆ ಕಳಿಸಿದ್ದು. ಬಗ್‌ನ ವಿಳಾಸಕ್ಕೆ ಹಾಕಿದ್ದು ಪ್ಯಾಕೇಜ್ ನೋಡಿಕೊಳ್ಳುವವರಿಗೆ ಹೋಗುತ್ತದೆ. ಬಗ್ ಹಾಕಿದವರಿಗೂ ತಲುಪಲೇಬೇಕು ಅಂತಿತ್ತು. ನಂಬರ್ ಆದಮೇಲೆ '-ಸಬ್‌ಮಿಟರ್' ಸೇರಿಸಿದ ವಿಳಾಸವನ್ನೂ ಸಿಸಿಯಲ್ಲಿಟ್ಟೆ. ಪಾಪ, ಕಾಯುತ್ತಿರುವವರು ಅವರೇ ಅಲ್ವಾ.

ಗೆಳೆಯ ಮತ್ತೆ ನೋಡಿದ. "ಈಗ ಕೂತ್ಕತ್ತು ಕಣ್ಲಾ." ಮೊದಲು ಕಳಿಸಿದ ಮೇಲ್ ಅಳಿಸಲು ನನ್ನ ಕೈಯಲ್ಲಿ ಆಗುವುದಿಲ್ಲ. ಸರಿಯಾದ ಪ್ಯಾಚ್‌ನ ಮೇಲೆ, ಟ್ಯಾಬ್ ಇಲ್ಲದೆ, ನನ್ನ ಹೆಸರು ಹೊತ್ತುಕೊಂಡು ಇನ್ನೂ ಅಲ್ಲೇ ಇದೆ.