ಪ್ರಸಂಗದೊಳಗೆ ಅಡಗಿಸಿದ ಕೊಲೆ

ನನ್ನ ಪತ್ತೇದಾರಿ ಕಾದಂಬರಿಯ ಮೊದಲ ಕರಡನ್ನು ಅಕ್ಕ ಎರಡೇ ದಿನದಲ್ಲಿ ಓದಿ ಮುಗಿಸಿದಳು. "ಕೊಲೆಗಾರ ಯಾರೆಂದು ಗೊತ್ತಾಯಿತು. ಆ ಪ್ರಸಂಗದ ಪುಟಗಳನ್ನು ಮಾತ್ರ ಹಾರಿಸಿಬಿಟ್ಟೆ" ಎಂದಳು. ಕಾದಂಬರಿಯೊಳಗೆ ಹೆಣೆದಿದ್ದ ಯಕ್ಷಗಾನ ಪ್ರಸಂಗದ ಅರವತ್ತು ಪುಟಗಳು ಅವು, ನನ್ನ ಒಂದು ವರ್ಷದ ದುಡಿಮೆ. ಅವನ್ನು ಓದದೆಯೇ ಕೊಲೆಗಾರ ಸಿಕ್ಕಿಬಿದ್ದನೆಂದರೆ ಒಳಗಿನ ಕಥೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಹೊರಗಿನ ಕಥೆ ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆಯದು. ಯಕ್ಷಗಾನದ ಹಾಡುಗಾರರಾಗಿದ್ದು ತೀರಿಕೊಂಡ ಭಾಗವತರ ಪೆಟ್ಟಿಗೆಯಲ್ಲಿ ಮೊಮ್ಮಗಳಿಗೆ ಅವರೇ ಬರೆದ ಯಕ್ಷಗಾನ ಪ್ರಸಂಗವೊಂದು ಸಿಗುತ್ತದೆ. ಅದರಲ್ಲೊಬ್ಬ ಮಂತ್ರಿಯ ಕೊಲೆ. ಭಾಗವತರ ಸ್ವಂತ ತಮ್ಮನೂ ನಲವತ್ತು ವರ್ಷಗಳ ಹಿಂದೆ ಹಾಗೆಯೇ ಸತ್ತಿದ್ದ. ಎರಡಕ್ಕೂ ಹೋಲಿಕೆ ಕಂಡರೆ ಸಾಕು, ಓದುಗರು ಬೆರಗಾಗುತ್ತಾರೆ ಎಂದುಕೊಂಡಿದ್ದೆ.

ದಾರಿ ತೋರಿಸಿದ್ದು ಹಳಗನ್ನಡದ ಕವಿ ಜನ್ನ. 1209ರಲ್ಲಿ ಅವನು ಬರೆದ ಯಶೋಧರ ಚರಿತೆಯನ್ನು ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆ. ಈ ಸಲ ಬರೆಯುವವನ ಕಣ್ಣಿನಿಂದ ಓದಿದೆ. ಚಂಡಮಾರಿ ದೇವತೆಗೆ ಬಲಿಯಾಗಲು ತಂಗಿಯೊಂದಿಗೆ ಬಂದು ನಿಂತ ಅಭಯರುಚಿ, ಬಲಿ ಕೊಡಬೇಕಾದ ರಾಜ ಮಾರಿದತ್ತನಿಗೇ ಕಥೆ ಹೇಳುತ್ತಾನೆ. ಹಿಂದೊಂದು ಜನ್ಮದಲ್ಲಿ ತಾನು ಯಶೋಧರನಾಗಿದ್ದುದು, ತಾಯಿಯ ಮಾತಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದು, ಹೆಂಡತಿ ಅಮೃತಮತಿ ಇಬ್ಬರಿಗೂ ವಿಷವಿಕ್ಕಿದ್ದು. ಕೊಲೆಯಾದವನೇ ತನ್ನ ಕೊಲೆಯನ್ನು ಹೇಳುತ್ತಿದ್ದಾನೆ, ಕೇಳುತ್ತಿರುವವನು ಇನ್ನೊಂದು ಕೊಲೆಗೆ ಸಿದ್ಧನಾಗಿದ್ದಾನೆ! ಎಂಟು ನೂರು ವರ್ಷಗಳ ಹಿಂದಿನ ಈ ಕಟ್ಟಡ ಕಂಡು ಮೈ ಜುಮ್ಮೆಂದಿತು. ನನ್ನ ಪ್ರಸಂಗವನ್ನು ಯಾರೂ ಕೇಳುತ್ತಿರಲಿಲ್ಲ, ಅದು ಪೆಟ್ಟಿಗೆಯಲ್ಲಿ ಬಿದ್ದಿತ್ತು ಅಷ್ಟೆ.

ಹಾಗಾಗಿ ಮೊದಲು ಕೇಳುಗನನ್ನು ಹುಡುಕಿದೆ. ಭಾಗವತರು ಆ ಪ್ರಸಂಗವನ್ನು ಬರೆದದ್ದು ತಮ್ಮದೇ ಮೇಳದ ಒಬ್ಬ ವೇಷಧಾರಿಯ ಕಿವಿಗೆ ಬೀಳಲೆಂದು. ಅವನಿಗೇ ಮಂತ್ರಿಯ ವೇಷ ಕೊಟ್ಟು ಒಂದು ರಾತ್ರಿ ಆಡಿಸಿಯೂ ಬಿಟ್ಟರು. ಇಷ್ಟು ಹೊಳೆದ ಮೇಲೆ ಯಕ್ಷಗಾನದ ಗುಣವೇ ನನ್ನ ನೆರವಿಗೆ ಬಂತು. ಪ್ರಸಂಗದ ಪ್ರತಿಯಲ್ಲಿ ಇರುವುದು ಪದ್ಯಗಳು ಮಾತ್ರ, ಅರ್ಥ, ಅಂದರೆ ಪಾತ್ರಗಳ ಮಾತು, ಇರುವುದಿಲ್ಲ. ಅರ್ಥವನ್ನು ವೇಷಧಾರಿ ರಂಗಸ್ಥಳದಲ್ಲಿ ನಿಂತು ತಾನೇ ಕಟ್ಟಿ ಹೇಳಬೇಕು. ಅಂದರೆ ಒಳಗಿನ ಕಥೆಯ ಅರ್ಧ ಭಾಗ ಕಾಗದದ ಮೇಲೆ ಎಂದೂ ಇರಲೇ ಇಲ್ಲ, ಅಂದು ಆಟ ನೋಡಿದವರ ನೆನಪಿನಲ್ಲಿದೆ. ಪತ್ತೇದಾರಿ ಬರೆಯುವವನಿಗೆ ಇದಕ್ಕಿಂತ ದೊಡ್ಡ ವರ ಬೇಕೇ?

ಮಂತ್ರಿಯ ಸಾವಿಗೆ ಭಾಮಿನಿ ಷಟ್ಪದಿಯ ಎರಡು ಸಾಲು ಹೀಗೆ ಬರೆದೆ:

ಕೆರೆಯ ದಡದಲಿ ರಾತ್ರಿ ಮಂತ್ರಿಯು
ಒರಗಿ ಬಿದ್ದನು ನುಡಿಯದೊಂದನು

ಮೊಮ್ಮಗಳು ಊರೂರು ಸುತ್ತಿ, ಆ ಆಟ ನೋಡಿದ ಮುದುಕರನ್ನು ಮಾತನಾಡಿಸುತ್ತಾಳೆ. ಅವರಲ್ಲೊಬ್ಬರು ಮಂತ್ರಿಯ ಅರ್ಥವನ್ನು ನೆನೆಸಿಕೊಳ್ಳುತ್ತಾರೆ: "ಬಾವಿಯ ಕಟ್ಟೆಯ ಮೇಲಿದ್ದ ಲಾಟೀನು ಆರಿತ್ತು." ಆ ಮಾತನ್ನು ಅಲ್ಲಿ ಒತ್ತಿ ಹೇಳಲಿಲ್ಲ. ಮುದುಕರ ಕೆಮ್ಮು, ಕವಳದ ತಟ್ಟೆ, ಜಡಿಮಳೆಯ ನಡುವೆ ಹರಿಯಬಿಟ್ಟೆ.

ಉಳಿದದ್ದು ಕತ್ತರಿ ಕೆಲಸ. ಅರವತ್ತು ಪುಟ ಹದಿನೆಂಟಕ್ಕೆ ಇಳಿಯಿತು. ಒಳಗಿನ ಕಥೆಯನ್ನು ಒಂದೇ ಕಡೆ ಸುರಿಯದೆ, ಮೊಮ್ಮಗಳಿಗೆ ಬೇಕಾದಾಗಲಷ್ಟೇ ಪೆಟ್ಟಿಗೆ ತೆರೆಸಿದೆ. ಬರೆಯುವಾಗ ಹೊರಗಿನದಕ್ಕೆ ನೀಲಿ ಶಾಯಿ, ಒಳಗಿನದಕ್ಕೆ ಕಪ್ಪು. ನಾಲ್ಕು ಪುಟದವರೆಗೂ ಕಪ್ಪೇ ಕಂಡರೆ ಅಲ್ಲಿ ನಿಲ್ಲಿಸುತ್ತಿದ್ದೆ. ಅತ್ಯಂತ ನೋವಾದದ್ದು ಮಂತ್ರಿಯ ಮಗಳ ವಿಲಾಪದ ಪದ್ಯಗಳನ್ನು ತೆಗೆಯುವಾಗ. ಚೆನ್ನಾಗಿದ್ದವು, ಈಗಲೂ ಇಟ್ಟುಕೊಂಡಿದ್ದೇನೆ.

ಎರಡನೆಯ ಕರಡನ್ನು ಅಕ್ಕ ನನ್ನೆದುರಿಗೇ ಕುಳಿತು ಓದಿದಳು. ಮುದುಕರ ಮಾತು ಬಂದಾಗ ನಿಲ್ಲದೆ ಮುಂದೆ ಹೋದಳು. ನನ್ನ ಎದೆ ಕುಸಿಯಿತು. ಇನ್ನೂ ಎರಡು ಪುಟ ತಿರುವಿದ ಮೇಲೆ ಕೈ ತಡೆಯಿತು. ಸರಸರನೆ ಹಿಂದಕ್ಕೆ ಮಗುಚಿ, ಭಾಮಿನಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು.

"ಇದರಲ್ಲಿ ಬಾವಿ ಎಲ್ಲಿದೆಯೋ?" ಎಂದಳು.