ದೊಡ್ಡ ಆಟಗಾರರ ಎದುರು ಸೋತಿರಾ? ಮೊದಲು ಪೆನ್ನು, ಆಮೇಲೆ ಫೋನು

ಕಾಞಂಗಾಡ್ ಕಡೆ ಚೆಸ್ ಟೂರ್ನಮೆಂಟ್ ಮುಗಿಸಿ ಮಂಜೇಶ್ವರಕ್ಕೆ ವಾಪಸ್ ಬರುವ ಸಂಜೆಯ ರೈಲಿನಲ್ಲಿ ಪ್ರತಿ ಸಲವೂ ಒಂದೇ ದೃಶ್ಯ. ಮಕ್ಕಳು ಸೀಟು ಹಿಡಿದ ಕೂಡಲೇ ಫೋನ್ ತೆಗೆಯುತ್ತಾರೆ. ಸೋತ ಆಟವನ್ನು ಟಕಟಕ ಅಂತ ತುಂಬಿಸುತ್ತಾರೆ. ಎಂಜಿನ್, ಅಂದರೆ ನಡೆಗಳ ಲೆಕ್ಕ ಹಾಕುವ ಚೆಸ್ ಸಾಫ್ಟ್‌ವೇರ್, ಹಾಕುತ್ತಾರೆ. ಕಾಸರಗೋಡು ಬರುವಷ್ಟರಲ್ಲಿ "38ನೇ ಮೂವ್ ಬ್ಲಂಡರ್ ಅಂತೆ" ಎಂದು ತೀರ್ಪು ಬಂದಿರುತ್ತದೆ. ಕುಂಬಳೆ ದಾಟುವಾಗ ರೀಲ್ಸ್ ಶುರು. ನಾಲ್ಕು ಗಂಟೆ ಬೆವರು ಸುರಿಸಿ ಆಡಿದ ಆಟಕ್ಕೆ ನಾಲ್ಕು ನಿಮಿಷದ ವಿಚಾರಣೆ!

ನಾನೂ ವರ್ಷಗಟ್ಟಲೆ ಹೀಗೇ ಮಾಡಿದವನು. ಈಗ ಭಾನುವಾರ ನಮ್ಮ ಮನೆಯ ಜಗಲಿಗೆ ಚೆಸ್ ಕಲಿಯಲು ಬರುವ ಮಕ್ಕಳಿಗೆ ಬೇರೆ ದಾರಿ ಹೇಳಿಕೊಡುತ್ತೇನೆ. ಇಲ್ಲಿ ಉದಾಹರಣೆಗೆ ನನ್ನದೇ ಒಂದು ಸೋಲನ್ನು ಇಟ್ಟುಕೊಳ್ಳುತ್ತೇನೆ. ನನ್ನ ರೇಟಿಂಗ್ (ಆಟಗಾರನ ಬಲ ಅಳೆಯುವ ಅಂಕ) ಆಗ 1580, ಎದುರು ಕೂತವರದ್ದು 1790. ನನ್ನದು ಕಪ್ಪು ಕಾಯಿ. 56 ನಡೆಗಳ ಆಟ.

1. ಸ್ಕೋರ್‌ಶೀಟನ್ನು ಅದೇ ದಿನ ಸರಿ ಮಾಡಿ

ಆಡುತ್ತಾ ನಡೆಗಳನ್ನು ಬರೆದಿಟ್ಟ ಆ ಹಾಳೆಯಲ್ಲಿ ನಮಗೆ ಸಿಗುವುದು ಕಾರ್ಬನ್ ಪ್ರತಿ. ವಾರ ಕಳೆದರೆ ಅಕ್ಷರವೇ ಕಾಣುವುದಿಲ್ಲ. ರಾತ್ರಿ ಊಟಕ್ಕೆ ಮೊದಲು ನೋಟ್‌ಬುಕ್ಕಿಗೆ ನಕಲು ಮಾಡಿ. ಕುದುರೆಗೆ 'ಕೆ' ಅಂತ ಬರೆಯುವ ಮಕ್ಕಳು ಇನ್ನೂ ಇದ್ದಾರೆ. 'ಕೆ' ಅಂದರೆ ರಾಜ, ಕುದುರೆಗೆ 'ಎನ್'. ಆಡುವಾಗ ಪ್ರತಿ ನಡೆಯ ಪಕ್ಕ ಗಡಿಯಾರದಲ್ಲಿ ಉಳಿದ ಸಮಯವನ್ನೂ ಬರೆಯುವ ಅಭ್ಯಾಸ ಮಾಡಿಸಿ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಮನಸ್ಸಿನ ಯೋಚನೆ ಬರೆಯುವಂತಿಲ್ಲ, ಸಮಯ ಬರೆಯಬಹುದು. ಮುಂದೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

2. ಎದುರಾಳಿಯ ಹತ್ತಿರ ಮಾತಾಡಿ, ಆದರೆ ಪೂರ್ತಿ ನಂಬಬೇಡಿ

ಆಟ ಮುಗಿದ ಮೇಲೆ ಹಾಲ್‌ನಿಂದ ಹೊರಗೆ ಬಂದು "ಹತ್ತು ನಿಮಿಷ ಆಟ ನೋಡುವನಾ?" ಅಂತ ಕೇಳಿ. ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಎರಡೇ ಪ್ರಶ್ನೆ ಸಾಕು: ನಿಮಗೆ ಎಲ್ಲಿ ಹೆದರಿಕೆ ಆಯಿತು? ನಾನು ಯಾವ ನಡೆ ಆಡುತ್ತೇನೆ ಅಂತ ಕಾದಿದ್ದಿರಿ? ವಾದ ಮಾಡಬೇಡಿ, ಕೇಳಿಸಿಕೊಳ್ಳಿ.

ನಮ್ಮ ಊರಲ್ಲಿ ಇದಕ್ಕೊಂದು ಸ್ಪೆಷಲ್ ತೊಂದರೆ ಇದೆ. ನನ್ನ ಎದುರಾಳಿ ಮಲಯಾಳದವರು. "ಆ ಆನ ಕೊಟ್ಟದ್ದೇ ತಪ್ಪು" ಅಂದರು. ನಾನು ಎರಡೂ ಆನೆಗಳ ನಡೆಯನ್ನು ಒಂದೊಂದಾಗಿ ಹುಡುಕಿದೆ, ಕೊಟ್ಟದ್ದೆಲ್ಲೂ ಸಿಗಲಿಲ್ಲ. ಕೊನೆಗೆ ಅವರು ಬೆರಳಿಟ್ಟು ತೋರಿಸಿದ್ದು ಒಂಟೆಯನ್ನು! ನಾವು ಮೂಲೆಯಲ್ಲಿಡುವ ಕಾಯಿಗೆ ಆನೆ ಅಂತೇವೆ, ಓರೆಯಾಗಿ ಹೋಗುವುದಕ್ಕೆ ಒಂಟೆ. ಮಲಯಾಳದಲ್ಲಿ ಓರೆಯಾಗಿ ಹೋಗುವುದೇ ಆನ, ಮೂಲೆಯದ್ದು ತೇರು. ಕಾಸರಗೋಡಿನಲ್ಲಿ ಆಟ ನೋಡುವಾಗ ಬಾಯಿಗಿಂತ ಬೆರಳು ಕ್ಷೇಮ.

ಅವರು ಇನ್ನೊಂದು ಮಾತು ಹೇಳಿದರು: "52ರಲ್ಲಿ ಏನು ಆಡಿದ್ದರೂ ನಿಮಗೆ ಸೋಲೇ." 1790 ರೇಟಿಂಗ್‌ನವರು ಹೇಳಿದ್ದಲ್ವಾ? ಎರಡು ದಿನ ನಂಬಿದೆ. ಆ ಕಥೆ ಮುಂದೆ ಬರುತ್ತದೆ.

3. ಎಂಜಿನ್ ಇಲ್ಲದೆ ಬರೆಯಿರಿ

ಎಲ್ಲರೂ ಹಾಳು ಮಾಡುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಜವಾದ ಬೋರ್ಡ್ ಹರವಿ. ಸುರುಳಿ ಸುತ್ತುವ ರೆಕ್ಸಿನ್ ಬೋರ್ಡ್, ತೂಕ ಇರುವ ಪ್ಲಾಸ್ಟಿಕ್ ಕಾಯಿ ಸಾಕು. ಜಾತ್ರೆಯಲ್ಲಿ ಸಿಗುವ ಆಯಸ್ಕಾಂತದ ಪುಟ್ಟ ಬೋರ್ಡ್ ಮಾತ್ರ ಬೇಡ. ಅದರಲ್ಲಿ ಒಂಟೆಗೂ ಕಾಲಾಳಿಗೂ ವ್ಯತ್ಯಾಸ ಗೊತ್ತಾಗಬೇಕಾದರೆ ಕನ್ನಡಕ ಬೇಕು. ಸ್ಕ್ರೀನ್ ಕೂಡ ಬೇಡ. ಟೂರ್ನಮೆಂಟಿನಲ್ಲಿ ಕಣ್ಣು ನೋಡಿದ್ದು ಬೋರ್ಡನ್ನು. ನೆನಪು ಬರುವುದೂ ಬೋರ್ಡ್ ನೋಡಿದರೇ.

ಮೂರು ಬಣ್ಣ ಇಟ್ಟುಕೊಳ್ಳಿ. ಆಡುವಾಗ ತಲೆಯಲ್ಲಿ ಏನಿತ್ತೋ ಅದಕ್ಕೆ ನೀಲಿ ಪೆನ್ನು. ಈಗ ಹೊಳೆಯುವುದಕ್ಕೆ ಪೆನ್ಸಿಲ್. ಎಂಜಿನ್ ಹೇಳಿದ್ದಕ್ಕೆ ಕೆಂಪು. ಕೆಂಪು ಪೆನ್ನಿನ ಕ್ಯಾಪ್ ಇವತ್ತು ತೆಗೆಯುವಂತಿಲ್ಲ.

ನೀಲಿಯಲ್ಲಿ ಬರೆಯುವಾಗ ಮಕ್ಕಳು ಸುಳ್ಳು ಹೇಳುತ್ತಾರೆ. ಬೇಕು ಅಂತ ಅಲ್ಲ. ಸೋತ ಮೇಲೆ ಬಂದ ಬುದ್ಧಿಯನ್ನು ಆಗಲೇ ಇತ್ತು ಅಂತ ಬರೆದುಬಿಡುತ್ತಾರೆ. ಅದಕ್ಕೇ ಅದೇ ರಾತ್ರಿ ಬರೆಯಬೇಕು ಅನ್ನುವುದು. ಇನ್ನೊಂದು ಚಾಳಿ, "ಈ ನಡೆ ಚೆನ್ನಾಗಿದೆ ಅನಿಸಿತು" ಅಂತ ಬರೆಯುವುದು. ಅದು ಲೆಕ್ಕಕ್ಕಿಲ್ಲ. ಯಾವ ಯಾವ ನಡೆ ನೋಡಿದ್ದೆ, ಅದಕ್ಕೆ ಅವರು ಏನು ಆಡಬಹುದು ಅಂತ ಯೋಚಿಸಿದ್ದೆ, ಎಷ್ಟು ದೂರ ಲೆಕ್ಕ ಹಾಕಿ ಎಲ್ಲಿ ನಿಲ್ಲಿಸಿದೆ, ಇಷ್ಟನ್ನು ನಡೆಗಳಲ್ಲೇ ಬರೆಯಬೇಕು. ಏನೂ ನೋಡದೆ ಆಡಿದ್ದರೆ "ಏನೂ ನೋಡಲಿಲ್ಲ" ಅಂತ ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಆ ವಾಕ್ಯ ಬೇಕಾದಷ್ಟಿದೆ.

56 ನಡೆಗೂ ಹೀಗೆ ಬರೆಯಲು ಕೂತರೆ ಬೆಳಗಾಗುತ್ತದೆ. ಐದಾರು ಜಾಗ ಆರಿಸಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಯೋಚಿಸಿದ ಜಾಗ ಒಂದು. ಸಮಯ ಬರೆದಿಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ದೊಡ್ಡ ಕಾಯಿಗಳು ಹೊಡೆದಾಡಿಕೊಂಡು ಬೋರ್ಡಿನಿಂದ ಹೊರಗೆ ಹೋದ ಜಾಗ ಇನ್ನೊಂದು. ಎದುರಾಳಿ ಇದ್ದಕ್ಕಿದ್ದಂತೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತ ಜಾಗ ಮತ್ತೊಂದು. ಇವೆಲ್ಲಕ್ಕಿಂತ ಮುಖ್ಯವಾಗಿ, "ಅಬ್ಬ, ಬಚಾವ್" ಅಂತ ಅನಿಸಿದ ಜಾಗಕ್ಕೆ ಎರಡು ಗೆರೆ ಎಳೆಯಿರಿ. ದೊಡ್ಡವರ ಎದುರು ಆಡುವಾಗ ನಾವು ಎಡವುವುದು ಹೆದರಿಕೆ ಆದಾಗ ಅಲ್ಲ, ಹೆದರಿಕೆ ಹೋಯಿತು ಅಂತ ಉಸಿರು ಬಿಟ್ಟಾಗ.

ನನ್ನ ಆಟದಲ್ಲಿ ಅಂಥ ಜಾಗ ಎರಡಿತ್ತು. 23ನೇ ನಡೆಯಲ್ಲಿ ಮಂತ್ರಿಗೆ ಮಂತ್ರಿ ಹೊಡೆಸಿದೆ. ಕಾರಣ ನೀಲಿಯಲ್ಲಿ ಹೀಗಿದೆ: "ಮಂತ್ರಿ ಹೋದರೆ ಡ್ರಾಕ್ಕೆ ಹತ್ತಿರ. ಇವರ ಹತ್ತಿರ ಡ್ರಾ ಸಿಕ್ಕಿದರೆ ಸಾಕು." ಬೋರ್ಡಿನ ಬಗ್ಗೆ ಒಂದಕ್ಷರ ಇಲ್ಲ ನೋಡಿ. ಅದು ರೇಟಿಂಗ್ ನೋಡಿ ಆಡಿದ ನಡೆ. ಕಾಯಿ ಕಮ್ಮಿ ಆದಷ್ಟೂ ಡ್ರಾ ಸುಲಭ ಅನ್ನುವುದು ನಮ್ಮ ಕಡೆ ಬೇರು ಬಿಟ್ಟ ನಂಬಿಕೆ. ನಿಜ ಏನೆಂದರೆ, ಕಾಯಿ ಕಮ್ಮಿ ಆದ ಮೇಲಿನ ಕೊನೆಯ ಹಂತದ ಆಟವೇ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಷ್ಟಕ್ಕೂ 200 ಅಂಕದ ಅಂತರ ಅಂದರೆ ರೇಟಿಂಗ್ ಲೆಕ್ಕದ ಪ್ರಕಾರ ನಾಲ್ಕು ಆಟದಲ್ಲಿ ಸುಮಾರು ಮೂರು ಪಾಯಿಂಟ್ ಅವರಿಗೆ, ಒಂದು ನಮಗೆ. ಆ ಒಂದಕ್ಕೆ ನಾವು ಹಕ್ಕುದಾರರು ಮಾರಾಯ್ರೆ, ಕೈಕಟ್ಟಿ ಕೂರಬೇಕಾಗಿಲ್ಲ.

ಎರಡನೆಯ ಜಾಗ 52ನೇ ನಡೆ. ಇದನ್ನು ಬೋರ್ಡಿನಲ್ಲಿ ಇಟ್ಟೇ ಓದಿ (ಮನೆಯ ಹೆಸರಲ್ಲಿ ಅಕ್ಷರ ಅಂದರೆ ಬಿಳಿಯ ಎಡದಿಂದ ಎಣಿಸಿದ ಉದ್ದಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು). ಬಿಳಿ ರಾಜ ಜಿ4, ಆನೆ ಎಫ್5, ಕಾಲಾಳು ಇ4. ನನ್ನ ರಾಜ ಡಿ7, ಆನೆ ಎ5. ಬೋರ್ಡಿನಲ್ಲಿ ಇಷ್ಟೇ. ಅವರು ಆಗಷ್ಟೇ ಆನೆಯನ್ನು ಎಫ್5ಕ್ಕೆ ತಂದು "ಹೊಡೀತೀರಾ?" ಅಂತ ಕೇಳಿದ ಹಾಗೆ ಕೂತಿದ್ದರು. ನನಗೆ ಉಳಿದದ್ದು ನಾಲ್ಕು ನಿಮಿಷ. ಹೊಡೆದೆ. ಅಬ್ಬ, ಇನ್ನು ಒಂದು ಕಾಲಾಳು ಮಾತ್ರ, ರಾಜ ಅಡ್ಡ ನಿಂತರೆ ಆಯಿತು ಅನಿಸಿತು.

ಅವರು ಕಾಲಾಳಿನಲ್ಲಿ ಹೊಡೆದಿದ್ದರೆ ಡ್ರಾ ಆಗುತ್ತಿತ್ತು. ರಾಜನಲ್ಲೇ ಹೊಡೆದರು. ನಾನು ರಾಜನನ್ನು ಇ7ಕ್ಕೆ ತಂದೆ, ಅವರು ಇ5ಕ್ಕೆ ಬಂದರು. ಈಗ ಇಬ್ಬರು ರಾಜರೂ ನಡುವೆ ಒಂದು ಮನೆ ಬಿಟ್ಟು ಎದುರುಬದುರು. ನಡೆ ನನ್ನದು. ಅಂದರೆ ದಾರಿ ಬಿಡಬೇಕಾದವನು ನಾನು. ಡಿ7ಕ್ಕೆ ಸರಿದೆ, ಅವರು ಎಫ್6. ಇ8ಕ್ಕೆ ಓಡಿದೆ, ಅವರು ಇ6. ಕಾಲಾಳಿಗಿಂತ ಮುಂದೆ ಆರನೇ ಅಡ್ಡಸಾಲಿಗೆ ರಾಜ ಬಂದು ನಿಂತ ಮೇಲೆ ಇನ್ನು ಆಡುವುದೇನು? ಸೋಲೊಪ್ಪಿ ಕೈ ಕುಲುಕಿದೆ.

ಅದೇ ಜಾಗದಲ್ಲಿ ನನ್ನ ರಾಜ ಡಿ7ರ ಬದಲು ಇ7ರಲ್ಲಿ ಇದ್ದಿದ್ದರೆ ಆನೆ ಹೊಡೆಸಿದ ಮೇಲೆ ಎಫ್7ಕ್ಕೆ ಬಂದು ನಾನೇ ಎದುರು ನಿಲ್ಲುತ್ತಿದ್ದೆ. ಡ್ರಾ. ಒಂದೇ ಒಂದು ಮನೆಯ ವ್ಯತ್ಯಾಸ. ಇದನ್ನು ಕಂಡುಹಿಡಿದದ್ದು ಎಂಜಿನ್ ಅಲ್ಲ, ರಾತ್ರಿ ಹತ್ತೂವರೆಗೆ ಪೆನ್ಸಿಲ್ ಹಿಡಿದು ಕೂತ ನಾನು. ಹಾಗೆ ಸಿಕ್ಕಿದ್ದು ಮರೆಯುವುದಿಲ್ಲ.

ಇದು ನನ್ನಂಥವನ ತಪ್ಪು ಮಾತ್ರ ಅಂತ ನಗಬೇಡಿ. 2024ರ ಡಿಸೆಂಬರ್ 12, ಸಿಂಗಾಪುರ, ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಒಂದು ಕಾಲಾಳು ಕಡಿಮೆ ಇದ್ದರೂ ಡ್ರಾದ ದಾರಿಯಲ್ಲಿದ್ದ ಆಗಿನ ಚಾಂಪಿಯನ್ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದು "ಹೊಡೆಸೋಣ" ಅಂದರು. ಗುಕೇಶ್ ಆನೆ ಹೊಡೆಸಿದರು, ಒಂಟೆಯನ್ನೂ ಹೊಡೆಸಿದರು. ಉಳಿದ ಕಾಲಾಳಿನ ಆಟ ಡಿಂಗ್‌ಗೆ ಸೋಲು. 18ರ ಹುಡುಗ ವಿಶ್ವ ಚಾಂಪಿಯನ್ ಆದ.

4. ಈಗ ಎಂಜಿನ್

ಮರುದಿನ ಸಾಕು. ಸ್ಟಾಕ್‌ಫಿಶ್ ಅನ್ನುವ ಎಂಜಿನ್ ಬಿಟ್ಟಿ, ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್ ಬಿಟ್ಟಿ. ದುಡ್ಡು ಕೊಟ್ಟು ಏನೂ ತರಬೇಡಿ. ಒಂದು ಗುಂಡಿ ಒತ್ತಿದರೆ ಆಟಕ್ಕೆ ಶೇಕಡಾವಾರು ಮಾರ್ಕ್ಸ್ ಕೊಟ್ಟು, ನಡೆಗೆ ನಕ್ಷತ್ರ ಅಂಟಿಸುವ ಸೌಲಭ್ಯ ಇರುತ್ತದಲ್ವಾ, ಅದು ಅಮ್ಮನಿಗೆ ತೋರಿಸಲು ಚೆಂದ. ಕಲಿಯಲು ಅಲ್ಲ.

ಎಂಜಿನ್ ಸೂಚಿಸುವ ನಡೆಗಳ ಮೂರು ಸಾಲು ಒಟ್ಟಿಗೆ ಕಾಣುವ ಹಾಗೆ ಇಡಿ. ಒಂದೇ ಸಾಲು ಇಟ್ಟರೆ ಅದೊಂದೇ ಸರಿ, ಉಳಿದದ್ದೆಲ್ಲ ತಪ್ಪು ಅನಿಸುತ್ತದೆ. ಸಾಲಿನ ಪಕ್ಕ ಅದು ಕೊಡುವ ಅಂಕದಲ್ಲಿ 0.2, 0.3ರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 2022ರ ಕೊನೆಯಲ್ಲಿ ಬಂದ 15.1ನೇ ಆವೃತ್ತಿಯಿಂದ ಸ್ಟಾಕ್‌ಫಿಶ್‌ನಲ್ಲಿ ಪ್ಲಸ್ 1 ಅಂದರೆ ಒಂದು ಕಾಲಾಳು ಜಾಸ್ತಿ ಅಂತ ಅರ್ಥ ಅಲ್ಲ, ಎಂಜಿನ್ನುಗಳೇ ಆಡಿದರೆ ಗೆಲ್ಲುವ ಅವಕಾಶ ನೂರಕ್ಕೆ ಐವತ್ತು ಅಂತ. ಅಂದಮೇಲೆ 0.2 ನಮ್ಮ ಮಟ್ಟಕ್ಕೆ ಎಲ್ಲಿಯ ಲೆಕ್ಕ?

ಎಂಜಿನ್ "ತಪ್ಪು" ಅಂದ ಕೂಡಲೇ ಅದರ ನಡೆಯನ್ನು ಬರೆದುಕೊಂಡು ಮುಂದೆ ಹೋಗಬೇಡಿ. ನಿಮ್ಮ ನಡೆಯನ್ನೇ ಆಡಿ, ಅದು ಹೇಗೆ ಶಿಕ್ಷೆ ಕೊಡುತ್ತದೆ ನೋಡಿ. ನಿಮ್ಮ ಬಾಯಲ್ಲಿ "ಓ, ಅದಕ್ಕೆ" ಅಂತ ಬಂದ ಮೇಲೆ ಕೆಂಪಿನಲ್ಲಿ ಬರೆಯಿರಿ.

ನನ್ನ 23ನೇ ನಡೆಗೆ ಎಂಜಿನ್ ಹುಬ್ಬು ಕೂಡ ಏರಿಸಲಿಲ್ಲ. ಮಂತ್ರಿ ಹೊಡೆಸಿದರೂ ಅದಕ್ಕೆ ಸರಿಯೇ. ಆಟ ಕೈಬಿಟ್ಟದ್ದು 52ರಲ್ಲಿ ಅಂತಲೇ ಅದರ ಲೆಕ್ಕ. ಆದರೆ ನೀಲಿ ಪುಟ ತಿರುವಿದರೆ 23ರಲ್ಲೂ 52ರಲ್ಲೂ ಒಂದೇ ರೋಗ, ಹೊಡೆಸಿ ಹೊಡೆಸಿ ಬೇಗ ಮುಗಿಸುವ ಆಸೆ. ಎಂಜಿನ್‌ಗೆ ಇದು ಕಾಣುವುದಿಲ್ಲ. ನೀಲಿ ಬರೆಯದೆ ನೇರ ಎಂಜಿನ್‌ಗೆ ಹೋದವರಿಗೂ ಕಾಣುವುದಿಲ್ಲ.

ಬೋರ್ಡಿನಲ್ಲಿ ರಾಜರೂ ಸೇರಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಿದ್ದರೆ ಎಂಜಿನ್ ಅಂದಾಜೂ ಬೇಡ. ಟೇಬಲ್‌ಬೇಸ್ ಅಂತ ಇದೆ, ಲಿಚೆಸ್‌ನಲ್ಲೇ ಸಿಗುತ್ತದೆ. ಗೆಲುವೋ ಸೋಲೋ ಡ್ರಾನೋ ಅಂತ ಪೂರ್ತಿ ಲೆಕ್ಕ ಹಾಕಿಟ್ಟ ಉತ್ತರ. ನನ್ನ ಐದು ಕಾಯಿಯ ಜಾಗವನ್ನು ಅಲ್ಲಿ ಇಟ್ಟೆ. ಡ್ರಾ! ಹೊಡೆಯದೆ ಆನೆಯನ್ನು ಎ6ಕ್ಕೆ ಎಳೆದರೂ ಡ್ರಾ. ಏನು ಆಡಿದರೂ ಸೋಲು ಅಂದಿದ್ದ ದೊಡ್ಡವರ ಮಾತು ಅಲ್ಲಿಗೆ ಬಿತ್ತು.

ಎ6 ಯಾಕೆ ಅಂದರೆ, ಕಪ್ಪಿನ ಕಡೆಯಿಂದ ಅದು ಮೂರನೇ ಅಡ್ಡಸಾಲು. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಲ್ಲಿರುವ ಉಪಾಯ ಇದು. ರಾಜ ಕಾಲಾಳಿನ ಮುಂದೆ, ಆನೆ ಆ ಸಾಲಿನಲ್ಲಿ ಕಾವಲು. ಕಾಲಾಳು ಆ ಸಾಲಿಗೆ ಕಾಲಿಟ್ಟ ಕ್ಷಣ ಆನೆ ಬೋರ್ಡಿನ ಆಚೆ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಅವಿತುಕೊಳ್ಳಲು ಅವರ ರಾಜನಿಗೆ ಮುಂದೆ ಜಾಗ ಉಳಿದಿರುವುದಿಲ್ಲ.

5. ಓಪನಿಂಗ್

ಆಟದ ಶುರುವಿನ ನಡೆಗಳಿಗೆ ಐದು ನಿಮಿಷ ಸಾಕು, ಎಲ್ಲಿ ಗೊತ್ತಿದ್ದದ್ದು ಮುಗಿಯಿತು ಅಂತ ಗೆರೆ ಎಳೆದು ಬಿಡಿ.

6. ಅದೇ ಜಾಗವನ್ನು ಮತ್ತೆ ಆಡಿ

ಸೋತ ಜಾಗವನ್ನು ಬೋರ್ಡಿನಲ್ಲಿ ಇಟ್ಟು, ಗಡಿಯಾರದಲ್ಲಿ ಐದೈದು ನಿಮಿಷ ಇಟ್ಟು, ಯಾರನ್ನಾದರೂ ಕೂರಿಸಿಕೊಂಡು ಎರಡೂ ಕಡೆಯಿಂದ ಆಡಿ. ಮೊನ್ನೆ ಭಾನುವಾರ ನಾನು ಬಿಳಿ ಹಿಡಿದೆ. ಏಳನೇ ಕ್ಲಾಸಿನ ಹುಡುಗಿ ಕಪ್ಪು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅರ್ಧ ನಿಮಿಷ ನೋಡಿದಳು. ಆನೆಯನ್ನು ಎ6ಕ್ಕೆ ಎಳೆದಳು.

"ಮಾಸ್ಟ್ರೇ, ಇದನ್ನು ಯಾಕೆ ಹೊಡೆದ್ರಿ ನೀವು?"

ನೋಟ್‌ಬುಕ್ಕು ತಿರುಗಿಸಿ ನೀಲಿ ಸಾಲು ತೋರಿಸಿದೆ. ಓದಿ ನಕ್ಕಳು.